ಹಿಂದಿನಿಂದ ಹಾದುಹೋಗುವವರು

ಮಾರ್ಚ್ ೪, ಸೋಮವಾರ

ಅಪ್ಪನ ಬಲಗಣ್ಣು ಮುಗಿಯಿತು. ಎಡಗಣ್ಣಿನಲ್ಲಿ ಉಳಿದಿರುವುದು ಬೆಳಕು, ನೆರಳು ಅಷ್ಟೇ ಎಂದು ಡಾಕ್ಟರು ಹೇಳಿದರು. ಅಪ್ಪ ಪಕ್ಕದಲ್ಲೇ ಕೂತಿದ್ದರೂ ಹೇಳಿದ್ದು ನನಗೆ. ಕಣ್ಣು ಕಾಣದವರಿಗೆ ಕಿವಿಯೂ ಕೇಳುವುದಿಲ್ಲ ಎಂದುಕೊಂಡಿರಬೇಕು. ಜೀವಮಾನವೆಲ್ಲ ಫೋಟೋ ಸ್ಟುಡಿಯೋ ನಡೆಸಿ, ಸೈಗಾನಿನ ಅರ್ಧಕ್ಕರ್ಧ ಮದುಮಕ್ಕಳ ಮುಖದ ಕಲೆಗಳನ್ನು ಸಣ್ಣ ಕುಂಚದಿಂದ ತಿದ್ದಿದ ಮನುಷ್ಯ ಇವರು. ಆಸ್ಪತ್ರೆಯಿಂದ ಹೊರಗೆ ಬಂದ ಮೇಲೆ ಒಂದೇ ಮಾತು ಕೇಳಿದರು.

“ಡಾಕ್ಟ್ರು ಚಿಕ್ಕ ವಯಸ್ನೋನಾ? ದನಿ ಹಾಗಿತ್ತು.”

“ಹೂಂ ಅಪ್ಪ.”

“ಅದಕ್ಕೇ ಅಷ್ಟು ಧೈರ್ಯವಾಗಿ ಹೇಳ್ಬಿಟ್ಟ.”

ದಿನಚರಿ ಬರೆಯುವ ಅಭ್ಯಾಸ ನನಗಿಲ್ಲ. ಆದರೆ ಇದನ್ನು ಇವತ್ತು ಎಲ್ಲಾದರೂ ಇಳಿಸಲೇಬೇಕಿತ್ತು. ಅಮ್ಮನ ಫೋಟೋದ ಮುಂದೆ ಊದುಬತ್ತಿ ಹಚ್ಚಿದೆ, ಹೇಳಲು ಬಾಯಿ ಬರಲಿಲ್ಲ. ವಿಭಾಗದಲ್ಲಿ ಹೇಳಿದರೆ ಎಲ್ಲರೂ ಹಣ್ಣಿನ ಬುಟ್ಟಿ ಹಿಡಿದುಕೊಂಡು ಬರುತ್ತಾರೆ. ಇಲ್ಲಿ ಬರೆದರೆ ಯಾರೂ ಏನೂ ತರುವುದಿಲ್ಲ.

ಮಾರ್ಚ್ ೭, ಗುರುವಾರ

ಕೆಲಸ ಚೆನ್ನಾಗಿ ಸಾಗುತ್ತಿದೆ. ನಮ್ಮ ಓಣಿ ಹೋಗಿ ಸೇರುವ ದೊಡ್ಡ ರಸ್ತೆಯನ್ನೇ ಅಧ್ಯಯನಕ್ಕೆ ಆರಿಸಿಕೊಂಡದ್ದು ನನ್ನ ಸೋಮಾರಿತನ ಎಂದು ಸಾಂಗ್ ಛೇಡಿಸುತ್ತಾನೆ. ಸಾಂಗ್ ನಮ್ಮ ಭೌತಶಾಸ್ತ್ರ ವಿಭಾಗದ ಕಿರಿಯ ಅಧ್ಯಾಪಕ. ನಮ್ಮ ಲೆಕ್ಕವನ್ನು ಕಂಪ್ಯೂಟರಿಗೆ ಉಣಿಸುವವನು ಅವನು, ತಪ್ಪಾದರೆ ನನ್ನಿಂದ ಬೈಸಿಕೊಳ್ಳುವವನೂ ಅವನೇ. ರಸ್ತೆಯ ಮೂಲೆಯಲ್ಲಿರುವ ಹಲ್ಲಿನ ಡಾಕ್ಟರ ಮಹಡಿಯ ಮೇಲೆ ಕ್ಯಾಮೆರಾ ಇಟ್ಟಿದ್ದೇವೆ.

ಮೇಲಿನಿಂದ ನೋಡಿದರೆ ಸ್ಕೂಟರುಗಳಿಗೆ ಮುಖವಿಲ್ಲ, ಹೆಸರಿಲ್ಲ. ಕಣಗಳು. ಒಂದೊಂದು ಕಣಕ್ಕೂ ಗೊತ್ತಿರುವುದು ತನ್ನ ಅಕ್ಕಪಕ್ಕದ ನಾಲ್ಕೈದು ಕಣಗಳು ಮಾತ್ರ. ಇಡೀ ರಸ್ತೆಯನ್ನು ಯಾರೂ ನಡೆಸುತ್ತಿಲ್ಲ, ಆದರೂ ರಸ್ತೆ ನಡೆಯುತ್ತದೆ. ಸಾಲುಗಳು ತಾವಾಗಿ ಹುಟ್ಟುತ್ತವೆ, ತಾವಾಗಿ ಅಳಿಯುತ್ತವೆ. ದಟ್ಟಣೆ ಒಂದು ಮಟ್ಟ ದಾಟಿತೋ, ನೀರು ಮಂಜುಗಡ್ಡೆಯಾದ ಹಾಗೆ ಎಲ್ಲವೂ ಇದ್ದಕ್ಕಿದ್ದಂತೆ ಗಟ್ಟಿಯಾಗಿ ನಿಂತುಬಿಡುತ್ತದೆ. ಒಂದು ಸ್ಕೂಟರನ್ನು ಬಿಚ್ಚಿ ನಟ್ಟು ಬೋಲ್ಟು ಹುಡುಕಿದರೆ ಇದ್ಯಾವುದೂ ಅಲ್ಲಿ ಸಿಗುವುದಿಲ್ಲ. ಇರುವುದು ಗುಂಪಿನಲ್ಲಿ ಮಾತ್ರ. ಇಷ್ಟು ವರ್ಷವಾದರೂ ಈ ವಿಷಯದ ಮೇಲಿನ ಮೋಹ ನನಗೆ ಒಂದಿಷ್ಟೂ ಇಳಿದಿಲ್ಲ.

ನಡುವೆ ರಸ್ತೆ ದಾಟುವವನೊಬ್ಬನನ್ನು ಇಟ್ಟರೆ ಇನ್ನೂ ಚೆಂದ. ಅವನು ಒಂದು ಕೈಯನ್ನು ತುಸು ಎತ್ತಿ ಒಂದೇ ಸಮನೆ ನಡೆದರೆ ಪ್ರವಾಹ ಅವನಿಗೆ ತೆರೆದುಕೊಂಡು, ಅವನು ಹೋದ ಮೇಲೆ ಮುಚ್ಚಿಕೊಳ್ಳುತ್ತದೆ. ಎಲ್ಲರೂ ಅವನ ಬೆನ್ನ ಹಿಂದಿನಿಂದ ಹಾದುಹೋಗಲು ನೋಡುತ್ತಾರೆ, ಏಕೆಂದರೆ ಅವನು ಈಗ ಇರುವ ಜಾಗ ಮರುಗಳಿಗೆ ಖಾಲಿಯಾಗುತ್ತದೆ. ಓಡಬೇಡ, ನಿಲ್ಲಬೇಡ, ಹಿಂದಕ್ಕಂತೂ ಹೆಜ್ಜೆ ಇಡಲೇಬೇಡ ಎಂದು ಇಲ್ಲಿ ಮಕ್ಕಳಿಗೆ ನಡೆಯಲು ಬರುತ್ತಿದ್ದಂತೆಯೇ ಹೇಳಿಕೊಡುತ್ತಾರೆ. ನಾವು ಅದಕ್ಕೆ ಸಮೀಕರಣ ಬರೆದಿದ್ದೇವೆ. ಸಮೀಕರಣ ಸುಂದರವಾಗಿದೆ.

ಅಪ್ಪ ಮನೆಯಲ್ಲಿ ರೇಡಿಯೋ ಕೇಳಿಕೊಂಡು ಇದ್ದಾರೆ. ಹೊಂದಿಕೊಳ್ಳುತ್ತಿದ್ದಾರೆ ಎನ್ನಿಸುತ್ತದೆ.

ಮಾರ್ಚ್ ೧೨, ಮಂಗಳವಾರ

ಸಾಂಗ್ ಬೆಳಗ್ಗೆ ಹಿಗ್ಗಿಕೊಂಡು ಕರೆದ. ತೆರೆಯ ಮೇಲೆ ಹೋದ ವಾರದ ಚಿತ್ರ ಓಡುತ್ತಿತ್ತು.

“ಅಕ್ಕಾ, ಈ ಅಜ್ಜನ್ನ ನೋಡಿ! ನಮ್ಮ ಸಮೀಕರಣಾನ ಬಾಯಿಪಾಠ ಮಾಡ್ಕೊಂಡು ಬಂದವ್ರ ಥರ ಇದ್ದಾರೆ. ಹೆಜ್ಜೆ ಒಂಚೂರೂ ಹೆಚ್ಚುಕಮ್ಮಿ ಇಲ್ಲ. ತಲೆ ಕೂಡ ತಿರುಗ್ಸಲ್ಲ. ಇವ್ರನ್ನೇ ನಮ್ಮ ಮಾದರಿ ಪಾದಚಾರಿ ಅಂತ ಹಾಕೋಣ.”

ನೋಡಿದೆ. ಎಣ್ಣೆ ಹಾಕಿ ಹಿಂದಕ್ಕೆ ಬಾಚಿದ ಬಿಳಿ ಕೂದಲು. ಒಂದು ಕೈ ಬೆನ್ನ ಹಿಂದೆ, ಇನ್ನೊಂದು ಎದೆಯ ಎತ್ತರಕ್ಕೆ. ಸಾಲುಗಟ್ಟಿ ಬರುವ ಸ್ಕೂಟರುಗಳ ನಡುವೆ ತನ್ನ ಮನೆಯ ಹಜಾರದಲ್ಲಿ ಓಡಾಡುವ ಹಾಗೆ ಹೋಗುತ್ತಿದ್ದಾರೆ.

“ಅದು ನಮ್ಮಪ್ಪ,” ಅಂದೆ.

“ಅಯ್ಯೋ ಹೌದಾ? ಹೇಳೋದಲ್ವಾ...” ಎಂದವನು ಅರ್ಧಕ್ಕೆ ನಿಲ್ಲಿಸಿದ. ಆಸ್ಪತ್ರೆಯ ವಿಷಯ ಅವನೊಬ್ಬನಿಗೆ ಹೇಳಿದ್ದೆ. “ಅಂದ್ರೆ ತಲೆ ತಿರುಗ್ಸದೇ ಇರೋದು...”

“ತಿರುಗಿಸಿ ಏನು ನೋಡ್ತಾರೆ?”

ಸಂಜೆ ಜಗಳವಾಯಿತು. ನನ್ನ ದನಿ ಓಣಿಗೆಲ್ಲ ಕೇಳಿರಬೇಕು.

“ದಿನಾ ಹೋಗ್ತೀರಾ?”

“ಕಾಫಿ ಆ ಕಡೆ ಇದೆ. ಈ ಕಡೆ ಇದ್ದಿದ್ರೆ ಈ ಕಡೇನೇ ಕುಡೀತಿದ್ದೆ.”

“ಅಪ್ಪ, ನಿಮ್ಗೆ ಗಾಡಿಗಳು ಕಾಣಲ್ಲ!”

“ಅವ್ರಿಗೆ ನಾನು ಕಾಣ್ತೀನಲ್ಲ.”

ಆ ಕಡೆಯ ಕಾಫಿ ಅಂಗಡಿ ಏಳನೇ ಚಿಕ್ಕಮ್ಮನದು. ಅವರ ಮನೆಯ ಮಕ್ಕಳ ಸಾಲಿನಲ್ಲಿ ಆಕೆಯ ಸಂಖ್ಯೆ ಅದು, ಬೀದಿಯವರೆಲ್ಲ ಹಾಗೇ ಕರೆಯುತ್ತೇವೆ. ಫುಟ್‌ಪಾತಿನ ಮೇಲೆ ಹಾಕಿದ ಗಿಡ್ಡ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಅಪ್ಪನ ಗೆಳೆಯರು ಕೂತು ಚದುರಂಗ ಆಡುತ್ತಾರೆ. ಅಪ್ಪ ಈಗ ಬಾಯಲ್ಲೇ ನಡೆ ಹೇಳುತ್ತಾರಂತೆ, ಕಾಯಿ ಎತ್ತಿಡುವವರು ಬೇರೆಯವರು. ಸೋತರೆ ಕಾಯಿ ತಪ್ಪಾಗಿ ಇಟ್ಟಿರಿ ಎಂದು ಅವರ ಮೇಲೆ ಹೊರಿಸುವ ಸೌಕರ್ಯವೂ ಇದೆ.

ಮಾರ್ಚ್ ೧೩, ಬುಧವಾರ

ಹೊರಡುವಾಗ ಕಬ್ಬಿಣದ ಗೇಟಿಗೆ ಹೊರಗಿನಿಂದ ಬೀಗ ಹಾಕಿದೆ. ಬೆಂಕಿಗಿಂಕಿ ಬಿದ್ದರೆ ಇರಲಿ ಎಂದು ಪಕ್ಕದ ಮನೆಯವರಿಗೆ ಒಂದು ಕೀ ಕೊಟ್ಟೆ. ಅಪ್ಪನಿಗೆ ಹೇಳಿಯೇ ಹಾಕಿದ್ದು. ಸರಿಯಾದ ಕೆಲಸ ಮಾಡಿದ್ದೇನೆ.

ಮಾರ್ಚ್ ೧೯, ಮಂಗಳವಾರ

ವಿಭಾಗದಲ್ಲಿ ಉಪನ್ಯಾಸ ಕೊಟ್ಟೆ. ಕೋಣೆ ತುಂಬಿತ್ತು. ಮೀನಿನ ಹಿಂಡು, ಹಕ್ಕಿಯ ಹಿಂಡು, ನಮ್ಮ ರಸ್ತೆ; ಒಂದೇ ಬಗೆಯ ಗಣಿತ ಎಲ್ಲೆಲ್ಲಿ ತಲೆ ಎತ್ತುತ್ತದೆ ಎಂದು ವಿವರಿಸಿದೆ. ಕೊನೆಯಲ್ಲಿ ವಿಭಾಗದ ಮುಖ್ಯಸ್ಥರು ಕನ್ನಡಕ ಒರೆಸುತ್ತ ಕೇಳಿದರು.

“ಹಾಗಾದ್ರೆ ಉಯೆನ್, ಕಣ್ಣು ಕಾಣದವರೂ ಆರಾಮಾಗಿ ದಾಟ್ಬಹುದು ಅಂತೀಯಾ?”

“ದಾಟಬಹುದು ಸರ್. ಪ್ರವಾಹ ಗಮನಿಸೋದು ನಡೆಯೋರ ಹೆಜ್ಜೆಯನ್ನ, ಕಣ್ಣನ್ನಲ್ಲ. ಮುಂದಿನ ಹೆಜ್ಜೆ ಎಲ್ಲಿ ಬೀಳುತ್ತೆ ಅಂತ ಉಳಿದವರಿಗೆ ಗೊತ್ತಾದರೆ ಸಾಕು.”

ಚಪ್ಪಾಳೆ ಬಿತ್ತು. ಸಾಂಗ್ ನೆಲ ನೋಡುತ್ತಿದ್ದ.

ಮನೆಗೆ ಬಂದು ಬೀಗ ತೆಗೆದೆ. ಬೆಳಗ್ಗೆ ಯಾವ ಕುರ್ಚಿಯಲ್ಲಿ ಬಿಟ್ಟು ಹೋಗಿದ್ದೆನೋ ಅಪ್ಪ ಅದೇ ಕುರ್ಚಿಯಲ್ಲಿದ್ದರು, ರೇಡಿಯೋ ಕೂಡ ಹಾಕಿರಲಿಲ್ಲ. ನನಗೆ ನಾಚಿಕೆಯಾಯಿತು. ಆದರೆ ಉಪನ್ಯಾಸದಲ್ಲಿ ಹೇಳಿದ್ದು ಸಿದ್ಧಾಂತ, ಇವರು ಅಪ್ಪ. ನಾಳೆಯೂ ಬೀಗ ಹಾಕುತ್ತೇನೆ.

ಮಾರ್ಚ್ ೨೮, ಗುರುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮಧ್ಯಾಹ್ನ ಪಾಠ ಮುಗಿಸಿ ಬೇಗ ಬಂದೆ. ಸ್ಕೂಟರನ್ನು ಓಣಿಯಲ್ಲಿ ನಿಲ್ಲಿಸಿ ನೋಡಿದರೆ ಗೇಟು ತೆರೆದಿದೆ. ಪಕ್ಕದ ಮನೆಯಾಕೆಯನ್ನು ಕರೆದು ಗ್ಯಾಸಿನ ವಾಸನೆ ಬರುತ್ತಿದೆ ಎಂದು ಅಪ್ಪ ಹೇಳಿದರಂತೆ, ಆಕೆ ಪಾಪ ಗಾಬರಿಯಿಂದ ಬಂದು ಬೀಗ ತೆಗೆದಿದ್ದಾಳೆ. ನಾನು ರಸ್ತೆಗೆ ಓಡಿದೆ. ಅಪ್ಪ ಆಗಲೇ ಮಧ್ಯದಲ್ಲಿದ್ದರು. ಚೆನ್ನಾಗಿಯೇ ಹೋಗುತ್ತಿದ್ದರು. ಇದನ್ನು ಬರೆಯಲೇಬೇಕು: ಚೆನ್ನಾಗಿಯೇ ಹೋಗುತ್ತಿದ್ದರು.

ನಾನು ಓಡಿ ಹೋಗಿ ಅವರ ತೋಳು ಹಿಡಿದು ಹಿಂದಕ್ಕೆ ಎಳೆದೆ.

ಒಂದೇ ಹೆಜ್ಜೆ ಹಿಂದಕ್ಕೆ ಬಂದದ್ದು. ಅವರ ಹಿಂದೆ ಖಾಲಿಯಾಗಬೇಕಿದ್ದ ಜಾಗಕ್ಕೆ ಸರಿಯಾಗಿ ಗುರಿಯಿಟ್ಟು ಒಬ್ಬ ಹೆಂಗಸು ಬರುತ್ತಿದ್ದಳು, ಹಿಂದಿನ ಸೀಟಿನ ಮೇಲೆ ಬಾತುಕೋಳಿ ಮೊಟ್ಟೆಯ ಬುಟ್ಟಿಗಳನ್ನು ಎತ್ತರಕ್ಕೆ ಕಟ್ಟಿಕೊಂಡು. ನಮ್ಮನ್ನು ತಪ್ಪಿಸಲು ಹೋಗಿ ಬಿದ್ದಳು. ಅವಳ ಮೇಲೆ ಇನ್ನೊಬ್ಬ. ಅದರ ಹಿಂದಿನವರೆಲ್ಲ ಬ್ರೇಕು ಹಾಕಿ, ರಸ್ತೆ ದೂರದ ಸೇತುವೆಯ ತನಕ ಗಟ್ಟಿಯಾಯಿತು. ಅವಳ ಮಣಿಕಟ್ಟು ಮುರಿದಿದೆ. ಅಪ್ಪನಿಗೆ ಏನೂ ಆಗಿಲ್ಲ. ಮೊಟ್ಟೆಯ ಲೋಳೆಯಲ್ಲಿ ನಿಂತುಕೊಂಡು, “ಯಾರು? ಯಾರು ಎಳೆದಿದ್ದು?” ಎನ್ನುತ್ತಿದ್ದರು.

ಮಾರ್ಚ್ ೨೯, ಶುಕ್ರವಾರ

ಅಪ್ಪ ಊಟ ಮಾಡಲಿಲ್ಲ. ನಾನೂ ಮಾಡಲಿಲ್ಲ.

ಏಪ್ರಿಲ್ ೩, ಬುಧವಾರ

ಮೊಟ್ಟೆಯ ಹೆಂಗಸಿನ ಹೆಸರು ತ್ವಾ. ಹಾಲಿನ ಡಬ್ಬ, ಕಿತ್ತಳೆ ತೆಗೆದುಕೊಂಡು ಅವಳ ಮನೆಗೆ ಹೋದೆ. ನನಗಿಂತ ಚಿಕ್ಕವಳು, ಬಾಯಿ ಮಾತ್ರ ನನಗಿಂತ ದೊಡ್ಡದು. ಆಸ್ಪತ್ರೆಯ ಖರ್ಚೆಲ್ಲ ನನ್ನದೇ ಎಂದೆ. ಅದಿರಲಿ ಎಂದು ಕೈಯ ಕಟ್ಟನ್ನು ನನ್ನ ಮುಖದ ಮುಂದೆ ಆಡಿಸಿದಳು.

“ನಿಮ್ಮಪ್ಪ ನೇರ ಹೋಗ್ತಿದ್ರು ಅಕ್ಕ. ನಾನು ದೂರದಿಂದ್ಲೇ ನೋಡಿ, ಹಿಂದಿನಿಂದ ಹೋಗೋಣ ಅಂತ ಹ್ಯಾಂಡ್ಲು ತಿರುಗ್ಸಿದ್ದೆ. ಅಷ್ಟ್ರಲ್ಲಿ ನೀವೆಲ್ಲಿಂದ ಉದುರಿದ್ರಿ?”

“ಭಯ ಆಯ್ತು. ಅದಕ್ಕೇ...”

“ಭಯ ನಿಮ್ಗಾಯ್ತು, ಕೈ ಮುರಿದಿದ್ದು ನಂದು. ಚೆನ್ನಾಗಿದೆ ನ್ಯಾಯ!”

ಅವಳೇ ಸ್ವಲ್ಪ ಮೆತ್ತಗಾಗಿ ಕಿತ್ತಳೆಯನ್ನು ನನ್ನ ಕಡೆಗೇ ತಳ್ಳಿದಳು, ಒಂದು ಕೈಯಲ್ಲಿ ಸುಲಿಯಲಾಗುವುದಿಲ್ಲವಲ್ಲ. ನಾನು ಸುಲಿದು ಕೊಟ್ಟೆ.

“ಏನು ಕೆಲ್ಸ ಮಾಡ್ತೀರಿ ಅಕ್ಕ?”

“ಪಾಠ ಹೇಳ್ತೀನಿ.”

“ಏನು ಪಾಠ?”

“ಲೆಕ್ಕ,” ಅಂದೆ. ರಸ್ತೆ ದಾಟುವುದರ ಬಗ್ಗೆ ಎಂದು ಹೇಳಲು ನಾಲಗೆ ಹೊರಳಲಿಲ್ಲ.

ಏಪ್ರಿಲ್ ೯, ಮಂಗಳವಾರ

ನಮ್ಮ ಲೆಕ್ಕದಲ್ಲಿ ಹೆದರಿದವರು ಯಾರೂ ಇರಲಿಲ್ಲ. ಈಗ ಸೇರಿಸಿದ್ದೇವೆ. ತಡವರಿಸುವವನನ್ನು ಪ್ರವಾಹ ಹೇಗೋ ಸಹಿಸಿಕೊಳ್ಳುತ್ತದೆ, ನಿಂತವನನ್ನೂ ಕಂಬದಂತೆ ಬಳಸಿಕೊಂಡು ಹೋಗುತ್ತದೆ. ಆದರೆ ನಡೆಯುವವನೊಬ್ಬ, ಅವನನ್ನು ಹಿಂದಕ್ಕೆ ಎಳೆಯುವವರೊಬ್ಬರು ಸೇರಿದರೆ ಎಲ್ಲ ಕೆಡುತ್ತದೆ. ಪ್ರತಿ ಸಲವೂ ಅಲ್ಲಿಂದ ಒಂದು ಅಲೆ ಎದ್ದು ರಸ್ತೆಯುದ್ದಕ್ಕೂ ಹಿಂದೆ ಹಿಂದೆ ಹೋಗುತ್ತದೆ. ಎಲ್ಲೋ ದೂರದಲ್ಲಿ ಯಾಕೆಂದು ಗೊತ್ತಿಲ್ಲದವರು ಬ್ರೇಕು ಹಾಕುತ್ತಾರೆ.

“ಅಕ್ಕಾ, ಬೈಬೇಡಿ,” ಎಂದ ಸಾಂಗ್. “ಆ ಎಳೆಯೋ ಬಲಕ್ಕೆ ನಾನು ‘ಮಗಳು’ ಅಂತ ಹೆಸರಿಟ್ಟಿದ್ದೀನಿ.”

ಬೈಯಲಿಲ್ಲ. ಹೆಸರು ಸರಿಯಾಗಿಯೇ ಇದೆ.

ಒಬ್ಬರೇ ನೇರ ನಡೆಯುವಂತೆ ಬಿಟ್ಟರೆ ಎಷ್ಟು ಅಪಾಯ ಎಂದು ಮಧ್ಯಾಹ್ನವೆಲ್ಲ ಓಡಿಸಿ ನೋಡಿದೆ. ತೀರ ಕಡಿಮೆ. ಆದರೆ ಸೊನ್ನೆಯಾಗುವುದಿಲ್ಲ. ಫೋನು ನೋಡುತ್ತ ಬರುವವನು ಒಬ್ಬ ಸಾಕು, ಕುಡಿದು ಲಾರಿ ಓಡಿಸುವವನು ಒಬ್ಬ ಸಾಕು. ಏನನ್ನು ಬದಲಿಸಿದರೂ ಅದು ಸೊನ್ನೆಗೆ ಇಳಿಯಲೊಲ್ಲದು. ಇಳಿಯಬೇಕೆಂದು ನಾನು ಯಾಕೆ ಇಷ್ಟು ಹಟ ಹಿಡಿದಿದ್ದೇನೆ ಎಂದು ಸಾಂಗ್ ಕೇಳಲಿಲ್ಲ. ಒಳ್ಳೆಯ ಹುಡುಗ.

ಏಪ್ರಿಲ್ ೧೬, ಮಂಗಳವಾರ

ಏಳನೇ ಚಿಕ್ಕಮ್ಮ ರಸ್ತೆ ದಾಟಿ ಮನೆಗೇ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಐಸ್ ಕಾಫಿ, ಅದಕ್ಕೊಂದು ಸ್ಟ್ರಾ. ಬಾಗಿಲಲ್ಲೇ ಶುರುಮಾಡಿದರು.

“ಏನೇ ಉಯೆನ್, ನಿಮ್ಮಪ್ಪ ಏನು ಬುಟ್ಟಿ ಕೆಳಗೆ ಮುಚ್ಚಿಡೋಕೆ ಕೋಳಿಮರೀನಾ? ಅಲ್ಲಿ ಅವ್ರ ಸ್ಟೂಲ್ ಮೇಲೆ ಯಾರಾದ್ರೂ ಕೂತ್ರೆ ಉಳಿದ ಮುದುಕ್ರು ಎಬ್ಬಿಸಿ ಕಳಿಸ್ತಿದಾರೆ.”

“ಚಿಕ್ಕಮ್ಮ, ಅವ್ರಿಗೇನಾದ್ರೂ ಆದ್ರೆ?”

“ಆಗ್ತಾನೇ ಇದೆಯಲ್ಲೇ, ನೋಡು.”

ಅಪ್ಪ ಕಾಫಿಯನ್ನು ಒಂದು ಗುಟುಕು ಹೀರಿ ಕೆಳಗಿಟ್ಟರು. “ಇಲ್ಲಿ ಕೂತು ಕುಡಿದ್ರೆ ಔಷಧಿ ಥರ ಇದೆ ತಂಗಿ,” ಎಂದರು.

ಆಗ ಗಮನಿಸಿದೆ. ಅಪ್ಪ ತಲೆ ಬಾಚಿರಲಿಲ್ಲ. ಅಮ್ಮನ ಶವಯಾತ್ರೆಯ ದಿನ ಕೂಡ ಎಣ್ಣೆ ಹಾಕಿ ಬಾಚಿಕೊಂಡು ನಿಂತಿದ್ದವರು. ಎಷ್ಟು ದಿನದಿಂದ ಹೀಗಿದ್ದಾರೆಂದು ನನಗೆ ಗೊತ್ತಿಲ್ಲ. ಒಂದೇ ಮನೆಯಲ್ಲಿದ್ದೂ ಗೊತ್ತಿಲ್ಲ. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಏಪ್ರಿಲ್ ೧೭, ಬುಧವಾರ

ಒಪ್ಪಂದವಾಯಿತು. ಬೆಳಗ್ಗೆ ನಾನು ಜೊತೆಗೆ ಹೋಗುವುದು, ಕೈ ಮುಟ್ಟದೆ. ಮಧ್ಯಾಹ್ನ ಚಿಕ್ಕಮ್ಮ ಅವರನ್ನು ಮನೆಗೆ ಬಿಡುವುದು. ಅಪ್ಪ ಒಬ್ಬರೇ ದಾಟಕೂಡದು, ಎಂದಿಗೂ.

“ಒಪ್ಪಿದೆ,” ಎಂದರು ಅಪ್ಪ. ಇಷ್ಟು ಬೇಗ ಅವರು ಯಾವತ್ತೂ ಏನನ್ನೂ ಒಪ್ಪಿದ್ದಿಲ್ಲ.

ಗೇಟಿಗೆ ಬೀಗ ಹಾಕಲಿಲ್ಲ.

ಏಪ್ರಿಲ್ ೨೬, ಶುಕ್ರವಾರ

ದಿನವೂ ದಾಟುತ್ತಿದ್ದೇವೆ. ಗಾಡಿಗಳು ಬರುವ ಬದಿಯಲ್ಲಿ ನಾನು, ನನ್ನ ಮಗ್ಗುಲಲ್ಲಿ ಅಪ್ಪ. ಮೊದಲ ದಿನ ನಾನು ಉಸಿರು ಬಿಗಿಹಿಡಿದು ಅವರ ಅಂಗಿಯ ತುದಿ ಹಿಡಿದದ್ದು ಅವರಿಗೆ ತಿಳಿಯಿತು.

“ಉಸಿರು ಬಿಡು ಮಗಾ. ನೀನು ಉಸಿರು ಕಟ್ಕೊಂಡ್ರೆ ನಂಗೆ ಹೆಜ್ಜೆ ತಪ್ಪುತ್ತೆ.”

“ನಂಗೆ ನೀವು ಹೇಳ್ಕೊಡ್ತೀರಾ?”

“ನೀನು ಎರಡು ವರ್ಷದವಳಿದ್ದಾಗ ನಾನೇ ಹೇಳ್ಕೊಟ್ಟಿದ್ದು. ಆಗ್ಲೂ ಹೀಗೇ ಅಂಗಿ ಜಗ್ತಿದ್ದೆ.”

ಇವತ್ತು ಒಬ್ಬ ಆಳೆತ್ತರದ ನಿಲುವುಗನ್ನಡಿಯನ್ನು ಬೆನ್ನಿಗೆ ಕಟ್ಟಿಕೊಂಡು ಬಂದ. ಅದರಲ್ಲಿ ನಾವಿಬ್ಬರೂ ನಡೆದು ಹೋಗುವುದು ಕಂಡಿತು. ಗ್ಯಾಸ್ ಸಿಲಿಂಡರಿನ ಮುದುಕ ದಿನವೂ ಅದೇ ಹೊತ್ತಿಗೆ ಬರುತ್ತಾನೆ, ನಮ್ಮನ್ನು ದಾಟುವಾಗ ಬಾಯಲ್ಲಿ ಸಿಗರೇಟು ಇದ್ದಂತೆಯೇ ಗದ್ದ ಎತ್ತುತ್ತಾನೆ. ಮಗುವನ್ನು ಮುಂದೆ ನಿಲ್ಲಿಸಿಕೊಂಡು ಬರುವ ತಾಯಿಯೊಬ್ಬಳಿದ್ದಾಳೆ, ಮಗು ಬ್ರೆಡ್ಡು ತಿನ್ನುತ್ತ ಅಪ್ಪನಿಗೆ ಕೈ ಬೀಸುತ್ತದೆ. “ಮಗು ಕೈ ಬೀಸ್ತಿದೆ ಅಪ್ಪ,” ಎಂದರೆ ಅಪ್ಪ ಎತ್ತಿದ ಕೈಯನ್ನೇ ಸ್ವಲ್ಪ ಆಡಿಸುತ್ತಾರೆ.

ನಮ್ಮ ಅಧ್ಯಯನದ ಪ್ರಬಂಧವನ್ನು ಪತ್ರಿಕೆಗೆ ಇನ್ನೂ ಕಳಿಸಿಲ್ಲ. ‘ಕಣ’ ಎಂದಿದ್ದ ಕಡೆ ಏನೋ ಸರಿಯಿಲ್ಲ ಎನಿಸಿ ಒಂದಷ್ಟು ಪುಟ ತಿದ್ದಿದೆ. ಸಾಂಗ್‌ಗೆ ತಾಳ್ಮೆ ಕೆಡುತ್ತಿದೆ.

ಮೇ ೧೩, ಸೋಮವಾರ

ಮೊದಲ ಜೋರು ಮಳೆ. ಎಲ್ಲರೂ ಮುಖದ ತನಕ ಪ್ಲಾಸ್ಟಿಕ್ ಹೊದ್ದಿದ್ದಾರೆ, ಕಣ್ಣಿಗೆಲ್ಲ ನೀರು. ಅಪ್ಪನನ್ನು ಕರೆದುಕೊಂಡು ಹೋಗಲಿಲ್ಲ. ಅವರು ಮುನಿಸಿಕೊಂಡು ಮೂರು ಸಲ ತಲೆ ಬಾಚಿಕೊಂಡರು.

ತ್ವಾಳ ಕೈಯ ಕಟ್ಟು ಬಿಚ್ಚಿದ್ದಾರಂತೆ. ಫೋನು ಮಾಡಿ ಹೇಳಿದಳು, ಜೊತೆಗೆ ಮೊಟ್ಟೆ ಬೇಕಾ ಎಂದೂ ಕೇಳಿದಳು.

ಮೇ ೨೧, ಮಂಗಳವಾರ

ವಿಭಾಗದಲ್ಲಿ ಕರೆಂಟು ಹೋಯಿತು. ಹನ್ನೊಂದು ಗಂಟೆಗೇ ಎಲ್ಲರನ್ನೂ ಮನೆಗೆ ಕಳಿಸಿದರು.

ದಾರಿಯಲ್ಲಿ ಮೀನು ಕೊಂಡೆ, ಹುಳಿಸಾರಿಗೆ. ನಮ್ಮ ರಸ್ತೆಗೆ ಬಂದಾಗ ದಟ್ಟಣೆ ಸಾಕಷ್ಟಿತ್ತು. ಹುಣಸೆಹಣ್ಣು ಮನೆಯಲ್ಲಿ ಇದೆಯೋ ಮುಗಿದಿದೆಯೋ ಎಂದು ಯೋಚಿಸುತ್ತಿದ್ದೆ. ನನ್ನ ಎಡಕ್ಕೆ ಐಸ್ ಸಾಗಿಸುವವನು, ಅವನ ಗೋಣಿಯಿಂದ ನನ್ನ ಪಾದಕ್ಕೆ ನೀರು ತೊಟ್ಟಿಕ್ಕುತ್ತಿತ್ತು. ಮುಂದಿನ ಸಾಲು ಸ್ವಲ್ಪ ಬಾಗಿತು. ಯಾರೋ ಮುದುಕ ಕೈಯೆತ್ತಿಕೊಂಡು ದಾಟುತ್ತಿದ್ದ. ಐಸಿನವನು ಬಾಗಿದ, ನಾನೂ ಬಾಗಿದೆ. ಮುದುಕನ ಬೆನ್ನ ಹಿಂದಿನಿಂದ ಹಾದು ಮುಂದೆ ಬಂದೆವು. ನಾನು ಹುಣಸೆಹಣ್ಣಿನ ಯೋಚನೆಯಿಂದ ಹೊರಗೂ ಬಂದಿರಲಿಲ್ಲ.

ಆಮೇಲೆ ಸ್ಕೂಟರಿನ ಕನ್ನಡಿಯಲ್ಲಿ ನೋಡಿದೆ. ಅಪ್ಪ. ಒಬ್ಬರೇ.

ಕೈ ಬ್ರೇಕಿನ ಮೇಲೆ ಹೋಯಿತು. ಒತ್ತಲಿಲ್ಲ. ಹಿಂದೆ ಜನ ಬರುತ್ತಿದ್ದರು. ನಮ್ಮ ಓಣಿಯನ್ನೂ ದಾಟಿಕೊಂಡು ಮುಂದಿನ ತಿರುವಿನ ತನಕ ಅವರೆಲ್ಲರ ಜೊತೆಯಲ್ಲೇ ಹೋದೆ. ಅಲ್ಲಿ ಬದಿಗೆ ನಿಲ್ಲಿಸಿ ಸ್ವಲ್ಪ ಹೊತ್ತು ಕೂತೆ. ನಾನು ದಾರಿ ಬಿಟ್ಟಾಗ ಅವರು ನನಗೆ ಯಾರೋ ಆಗಿದ್ದರು. ಬಿಡಬೇಕು ಎಂದು ಯೋಚಿಸಿ ಬಿಟ್ಟದ್ದೂ ಅಲ್ಲ. ನನ್ನ ಮುಂದಿದ್ದವರೂ ಹಿಂದಿದ್ದವರೂ ಹಾಗೆಯೇ ಬಿಟ್ಟಿರಬೇಕು, ಇವತ್ತು, ಮತ್ತು ನನಗೆ ಗೊತ್ತಿಲ್ಲದ ಎಷ್ಟೋ ದಿನ.

ಮನೆಗೆ ಬಂದಾಗ ಅಪ್ಪ ಚಪ್ಪಲಿ ಬಿಡುತ್ತಿದ್ದರು.

“ಚಿಕ್ಕಮ್ಮ ಬಿಟ್ಟುಹೋದ್ರಾ ಅಪ್ಪ?”

“ಹೂಂ, ಇಲ್ಲೀ ತನಕ ಬಂದ್ಲು. ಈಗಷ್ಟೇ ಹೋದ್ಲು,” ಎಂದರು, ಕಣ್ಣು ಮಿಟುಕಿಸದೆ.

ಸಾರು ಮಾಡಿದೆ. ಹುಣಸೆಹಣ್ಣು ಇತ್ತು. ಅಪ್ಪ ಎರಡನೇ ಸಲ ಅನ್ನ ಹಾಕಿಸಿಕೊಂಡು, ಮೀನಿನ ತಲೆಯನ್ನೂ ಕೇಳಿ ಹಾಕಿಸಿಕೊಂಡರು. ಬಟ್ಟಲು ತೊಳೆಯುತ್ತ, ಅವರ ಕಡೆ ತಿರುಗದೆ ಹೇಳಿದೆ.

“ನಾಳೆ ನಂಗೆ ಬೆಳಗ್ಗೆ ಬೇಗ ಪಾಠ ಇದೆ ಅಪ್ಪ. ನೀವೇ ಹೋಗಿ ಬನ್ನಿ.”

ಅಪ್ಪ “ಆಯ್ತು ಮಗಾ,” ಎಂದರು.

ನಾಳೆ ಬುಧವಾರ. ಬುಧವಾರ ಬೆಳಗ್ಗೆ ನನಗೆ ಪಾಠವಿಲ್ಲ.